ಮೆಣಸಿನಕಾಯಿ ಹೆಚ್ಚೋ, ಟೊಮೇಟೊ ಹೆಚ್ಚೋ?

ಕೊಡುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಳ್ಳುವುದು ಬಹಳ ಸುಲಭ, ತಾಯಂದಿರೇ, ಅಣ್ಣಂದಿರೇ. ಅಂದುಕೊಂಡದ್ದು ಕೈಗೆ ಇಳಿದು ಬರುವುದಿದೆಯಲ್ಲ, ಅದೇ ಕಷ್ಟ. ಇಷ್ಟನ್ನೇ ಹೇಳಿ ಬಿಟ್ಟರೆ ನೀವು ತಲೆದೂಗುತ್ತೀರಿ, ಮನೆಗೆ ಹೋಗಿ ಮರೆಯುತ್ತೀರಿ. ಅದಕ್ಕೇ ಒಬ್ಬ ಮನುಷ್ಯನಿಗೆ ಏನಾಯಿತು ಎಂದು ಹೇಳುತ್ತೇನೆ, ಕೇಳಿ.

ಮೆಣಸಿನಕಾಯಿ ವ್ಯಾಪಾರದ ಊರು ಅದು. ಊರೊಳಗೆ ಕಾಲಿಟ್ಟರೆ ಮೊದಲು ಸೀನು ಬರಬೇಕು, ಆಮೇಲೆ ನೆಂಟರ ಮನೆ ಸಿಗಬೇಕು, ಅಂಥ ಊರು. ಅಲ್ಲಿ ಅಡಿವೆಪ್ಪ ಎಂಬ ಶ್ರೀಮಂತನಿದ್ದ. ಅವನ ಗೋದಾಮಿನಲ್ಲಿ ನಲವತ್ತು ಹೆಂಗಸರು ಬಾಯಿಗೆ ಸೆರಗು ಕಟ್ಟಿಕೊಂಡು ದಿನವಿಡೀ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅಡಿವೆಪ್ಪ ಕೆಟ್ಟವನೇ? ಅಲ್ಲ ನೋಡಿ. ಯಾರಿಗೂ ಕೆಟ್ಟ ಮಾತಾಡಿದವನಲ್ಲ. ಮಠಕ್ಕೆ ಬಂದರೆ ಹಿಂದಿನ ಸಾಲಿನಲ್ಲಿ ಕೂಡುವವನು.

ಒಂದು ವರ್ಷ ಅವನಿಗೆ ವಿಷಮಶೀತ ಜ್ವರ ಬಂತು. ಮೂರು ವಾರ ಗಂಜಿ. ಮೂರು ವಾರ! ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಕಣ್ಣಲ್ಲಿ ನೀರು. ಹಸಿವು ಎಂದರೆ ಏನೆಂದು ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ಗೊತ್ತಾಯಿತು. ಮಲಗಿದಲ್ಲೇ ಕೈಮುಗಿದು ಹರಕೆ ಹೊತ್ತ: 'ಎದ್ದು ಓಡಾಡುವಂತಾದರೆ ಗೋದಾಮಿನ ಹೆಂಗಸರಿಗೆ ದಿನಾ ಮಧ್ಯಾಹ್ನ ಊಟ ಹಾಕುತ್ತೇನೆ.'

ಎದ್ದು ಓಡಾಡುವಂತಾದ. ಅಲ್ಲಿಂದ ಶುರುವಾಯಿತು ತೊಂದರೆ.

ಹೆಂಡತಿ ಗುರವ್ವನನ್ನು ಕರೆದು ಅಂದ, "ಊಟ ಅಂದ್ರ ರೊಟ್ಟಿ ಹ್ಯಾಂಗೂ ಅವರ ಬುತ್ತ್ಯಾಗ ಇರ್ತೈತಿ. ನಾವು ಹಚ್ಚಿಕೊಳ್ಳಾಕ ಏನರ ಚಲೋದು ಕೊಡೂಣು. ಬರೇ ನಾಲಿಗಿಗೆ ಹತ್ತಿದ್ರ ಸಾಲೂದಿಲ್ಲ, ಮೈಗೂ ಹತ್ತಬೇಕು."

ನೋಡಿ, ಹರಕೆ ಹೇಗೆ ಸಣ್ಣದಾಯಿತು ನೋಡಿ! ಹಾಸಿಗೆಯಲ್ಲಿ ಊಟವಾಗಿದ್ದದ್ದು ಅಂಗಳಕ್ಕೆ ಬರುವಷ್ಟರಲ್ಲಿ ಚಟ್ನಿಯಾಯಿತು. ಅಡಿವೆಪ್ಪನಿಗೆ ಅದು ಗೊತ್ತಾಯಿತೇ? ಗೊತ್ತಾಗಲಿಲ್ಲ. ನಮಗೆ ಗೊತ್ತಾಗುತ್ತದೆಯೇ?

"ಹಸಿಮೆಣಸಿನಕಾಯಿ ಚಟ್ನಿ ಮಾಡೂಣು," ಅಂದಳು ಗುರವ್ವ. "ಕಷ್ಟ ಮಾಡೂ ಮಂದಿಗೆ ಖಾರನ ಕಸುವು."

ಸೊಸೆ ವನಜಾ ಮುಳಬಾಗಿಲ ಕಡೆಯವಳು. ಟೊಮೇಟೊ ತೋಟದ ಮನೆಯಿಂದ ಬಂದವಳು. ಅವಳು ಸುಮ್ಮನಿರುತ್ತಾಳೆಯೇ?

"ಅಲ್ಲ ಅತ್ತೆ, ದಿನವೆಲ್ಲಾ ಖಾರದ ಘಾಟಲ್ಲೇ ಇರ್ತಾರೆ, ಊಟಕ್ಕೂ ಖಾರಾನೇನಾ? ಟಮೋಟ ಗೊಜ್ಜು ಮಾಡೋಣ. ರಕ್ತಕ್ಕೆ ಒಳ್ಳೇದು."

"ಹುಳಿ ತಿಂದು ಯಾರರ ಗಟ್ಟಿಯಾಗ್ಯಾರೇನವಾ?"

"ಖಾರ ತಿಂದು ಯಾರು ಆಗಿದ್ದಾರೆ ಹೇಳಿ!"

ಅಡಿವೆಪ್ಪ ಇವಳ ಮುಖ ನೋಡಿದ, ಅವಳ ಮುಖ ನೋಡಿದ. ಇಬ್ಬರದೂ ಸರಿ ಅನ್ನಿಸಿತು. ತಿಳಿದವರನ್ನೇ ಕೇಳೋಣ ಎಂದು ಜ್ವರಕ್ಕೆ ಔಷಧ ಕೊಟ್ಟಿದ್ದ ಡಾಕ್ಟರಮ್ಮನ ಬಳಿ ಹೋದ.

"ನೂರು ಗ್ರಾಂ ಹಿಡಿದು ನೋಡಿದ್ರೆ ಹಸಿಮೆಣಸಿನಕಾಯಲ್ಲೇ ಸಿ ವಿಟಮಿನ್ ಹೆಚ್ಚು. ಟೊಮೇಟೊಗಿಂತ ಎಷ್ಟೋ ಪಟ್ಟು," ಅಂದರು ಡಾಕ್ಟರಮ್ಮ.

ಅಡಿವೆಪ್ಪನ ಎದೆ ಉಬ್ಬಿತು. ಹುಟ್ಟಿದ ಊರಿನ ಬೆಳೆಯಲ್ಲವೇ! "ಹಂಗಾರ ನಮ್ಮ ಮೆಣಸಿನಕಾಯೇ ಗೆದ್ದಂಗ ಆತಲ್ರೀ?"

"ಆದ್ರೆ ನೂರು ಗ್ರಾಂ ಮೆಣಸಿನಕಾಯಿ ಯಾರು ತಿಂತಾರೆ? ಟೊಮೇಟೊ ಎರಡು ಹಣ್ಣು ಸಲೀಸಾಗಿ ಹೋಗುತ್ತೆ."

"ಅಂದ್ರ ಟೊಮೇಟೊ ಹೆಚ್ಚು?"

"ಹಾಗೂ ಹೇಳಕ್ಕಾಗಲ್ಲ. ಕುದಿಸಿದ್ರೆ ಸಿ ವಿಟಮಿನ್ ಕಡಿಮೆ ಆಗುತ್ತೆ. ಆದ್ರೆ ಟೊಮೇಟೊದ ಕೆಂಪು ಬಣ್ಣದ ಸತ್ವ ಇದೆಯಲ್ಲ, ಅದು ಎಣ್ಣೆ ಹಾಕಿ ಬೇಯಿಸಿದ್ರೇನೇ ಮೈಗೆ ಚೆನ್ನಾಗಿ ಸೇರೋದು."

"ಮತ್ತ ಒಣಮೆಣಸಿನಕಾಯಿರೀ?"

"ಒಣಗಿಸಿದ್ರೆ ಸಿ ಬಹಳಷ್ಟು ಹೋಗುತ್ತೆ. ಎ ವಿಟಮಿನ್ ಆಗೋ ಅಂಶ ಉಳಿಯುತ್ತೆ."

ಅಡಿವೆಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತ. ಹಸಿಯದಾದರೆ ಇದು, ಬೇಯಿಸಿದರೆ ಅದು, ಒಣಗಿಸಿದರೆ ಇನ್ನೊಂದು. ತೂಕದಲ್ಲಿ ಇದು, ತಿನ್ನುವುದರಲ್ಲಿ ಅದು. ಒಳಗೆ ಹೋಗುವಾಗ ಒಂದೇ ಅನುಮಾನವಿತ್ತು, ಹೊರಗೆ ಬರುವಾಗ ಆರು.

ಆದರೂ ಬಿಡಲಿಲ್ಲ. ವ್ಯಾಪಾರಿ ನೋಡಿ, ತಕ್ಕಡಿಯನ್ನು ನಂಬುವವನು. ಅಂಗಡಿಯಲ್ಲಿ ನೂರು ಗ್ರಾಂ ಹಸಿಮೆಣಸಿನಕಾಯಿ ತೂಗಿದ. ಒಂದು ಬೊಗಸೆ ತುಂಬಿತು. ಬಾಗಿಲು ಮುಚ್ಚಿಕೊಂಡು ತಿನ್ನಲು ಕೂತ. ಮೊದಲನೆಯದು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದರ ಅರ್ಧಕ್ಕೆ ಕಿವಿಯಲ್ಲಿ ಗುಂಯ್ ಅಂದಿತು, ಮೂಗು ಸೋರಿತು, ಎದ್ದು ಮಜ್ಜಿಗೆಯ ಚೆಂಬಿಗೆ ಬಾಯಿಟ್ಟ. ಮರುದಿನ ನೂರು ಗ್ರಾಂ ಟೊಮೇಟೊ ತೂಗಿದ. ಒಂದೂವರೆ ಹಣ್ಣು. ಉಪ್ಪು ಹಚ್ಚಿ ತಿಂದ. ಚೆನ್ನಾಗಿತ್ತು. ಆದರೆ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮತ್ತೆ ಹಸಿವಾಯಿತು. ಏನೆಂದು ತೀರ್ಮಾನಿಸಬೇಕು? ಒಂದು ತಿನ್ನಲಾಗುವುದಿಲ್ಲ, ಇನ್ನೊಂದು ತಿಂದದ್ದೇ ಗೊತ್ತಾಗುವುದಿಲ್ಲ.

ಒಂದು ವಾರ ಹೋಯಿತು. ಎರಡು ವಾರ ಹೋಯಿತು. ತಿಂಗಳು ಹೋಯಿತು. ಮನೆಯಲ್ಲಿ ಒಂದು ದಿನ ಗುರವ್ವನ ಚಟ್ನಿ, ಒಂದು ದಿನ ವನಜಾಳ ಗೊಜ್ಜು. ಅಡಿವೆಪ್ಪ ಎರಡನ್ನೂ ಉಂಡ, ಎರಡಕ್ಕೂ ಹೂಂ ಅಂದ. ಗೋದಾಮಿಗೆ ಮಾತ್ರ ಏನೂ ಹೋಗಲಿಲ್ಲ. ಹರಕೆ ಹೊತ್ತವನು ಮರೆತಿದ್ದನೇ? ಇಲ್ಲ! ಹಗಲೂ ರಾತ್ರಿ ಅದೇ ಯೋಚನೆ. ತಾನು ಬಹಳ ಮಾಡುತ್ತಿದ್ದೇನೆ ಎಂದೇ ಅವನಿಗೆ ಅನ್ನಿಸುತ್ತಿತ್ತು.

ಕೊನೆಗೆ, ಉಣ್ಣುವವರನ್ನೇ ಕೇಳಿದರಾಯಿತು ಎಂದು ಒಂದು ಮಧ್ಯಾಹ್ನ ಗೋದಾಮಿಗೆ ಹೋದ. ಇಪ್ಪತ್ತು ವರ್ಷದ ಗೋದಾಮು, ಆದರೆ ಆ ಹೊತ್ತಿಗೆ ಅಲ್ಲಿಗೆ ಅವನು ಹೋದದ್ದು ಅದೇ ಮೊದಲು. ಆ ಹೊತ್ತಿಗೆ ಅವನು ಮನೆಯಲ್ಲಿ ಉಣ್ಣುತ್ತಿದ್ದ. ಹೆಂಗಸರು ಗುಂಪುಗುಂಪಾಗಿ ಕೂತು ಬುತ್ತಿ ಬಿಚ್ಚಿದ್ದರು. ಒಬ್ಬಳು ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಫಕೀರವ್ವ. ಹದಿನೈದು ವರ್ಷದಿಂದ ಅವನಲ್ಲಿ ದುಡಿಯುತ್ತಿದ್ದವಳು. ಯಜಮಾನ ಬಂದನೆಂದು ಗಡಬಡಿಸಿ ಎದ್ದಳು. ಎದ್ದವಳೇ ತೂರಾಡಿ ಮೆಣಸಿನಕಾಯಿಯ ರಾಶಿಯ ಮೇಲೆ ಬಿದ್ದುಬಿಟ್ಟಳು.

"ಅಯ್ಯ, ನೀರ ತರ್ರೇ!" ಎಂದು ಹೆಂಗಸರು ಓಡಿದರು. ಎತ್ತಿ ಕೂರಿಸಿದರು, ಮುಖಕ್ಕೆ ನೀರು ಚಿಮುಕಿಸಿದರು. ಅವಳು ಕಣ್ಣು ಬಿಟ್ಟಳು.

"ಏನಾತ ಬೇ ಫಕೀರವ್ವಾ?"

"ಏನಿಲ್ರಿ ಯಜಮಾನ್ರ. ಒಂದೀಟು ಕಣ್ಣಿಗೆ ಕತ್ತಲಿ ಬಂತ್ರಿ. ದಿನಾ ಬರ್ತೈತಿ, ಹೋಗ್ತೈತಿ."

ಅಡಿವೆಪ್ಪ ಗಾಬರಿಯಾದ. ಗಾಬರಿಯಾದಾಗ ಮನುಷ್ಯನ ಬಾಯಿಗೆ ಏನು ಬರುತ್ತದೆ ಹೇಳಿ? ತಲೆಯಲ್ಲಿ ಏನು ತುಂಬಿದೆಯೋ ಅದೇ ಬರುತ್ತದೆ. ಬಿದ್ದು ಎದ್ದ ಹೆಂಗಸಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನು ಕೇಳಿದ: "ನಿಮಗೆಲ್ಲಾ ದಿನಾ ಕೊಡಬೇಕಂತ ಮಾಡೇನಿ. ನಿನಗ ಮೆಣಸಿನಕಾಯಿ ಚಟ್ನಿ ಬೇಕೋ, ಟೊಮೇಟೊ ಗೊಜ್ಜು ಬೇಕೋ?"

ಫಕೀರವ್ವ ಅವನನ್ನೇ ನೋಡಿದಳು. ಕೇಳಿದ್ದು ತಿಳಿಯಲಿಲ್ಲವೇನೋ ಎಂಬಂತೆ ನೋಡಿದಳು.

"ಯಾವುದಾದ್ರೂ ನಡೀತೈತ್ರಿ ಯಪ್ಪಾ," ಅಂದಳು. "ಆದ್ರ ಯಾತರ ಜೋಡಿ ತಿನ್ನೂಣ್ರಿ?"

ಕೇಳಿದಿರಾ? ಯಾತರ ಜೋಡಿ ತಿನ್ನೋಣ?

ಅಡಿವೆಪ್ಪ ಬಗ್ಗಿ ಅವಳ ಬುತ್ತಿಯ ಅರಿವೆ ನೋಡಿದ. ಅರ್ಧ ರೊಟ್ಟಿ. ಮೇಲೆ ಒಂದು ಚಿಟಿಕೆ ಖಾರದಪುಡಿ. ಇನ್ನರ್ಧ ಮನೆಯಲ್ಲಿ ಹಾಸಿಗೆ ಹಿಡಿದ ಅವ್ವನಿಗೆ ಇಟ್ಟು ಬಂದಿದ್ದಳು. ಪಕ್ಕದವಳ ಬುತ್ತಿ ನೋಡಿದ. ಒಂದು ರೊಟ್ಟಿ. ಅದರಾಚೆಯವಳದು ನೋಡಿದ. ಅವಳು ಸಂಕೋಚದಿಂದ ಸೆರಗು ಮುಚ್ಚಿದಳು. ರೊಟ್ಟಿ ಹೇಗೂ ಇರುತ್ತದೆ ಎಂದಿದ್ದನಲ್ಲ, ಎಲ್ಲಿತ್ತು ರೊಟ್ಟಿ? ಅರ್ಧ ರೊಟ್ಟಿಯಷ್ಟೇ ಉಳಿಯುವ ಕೂಲಿ ಕೊಟ್ಟವರು ಯಾರು? ಬೇರೆ ಊರಿನವರೇ?

ಅವನು ನೇರ ಮನೆಗೆ ಬಂದ. ತಾಟು ಹಾಕಿತ್ತು, ಕೂಡಲಿಲ್ಲ. "ಜ್ವಾಳ ಎಷ್ಟೈತಿ ಮನ್ಯಾಗ?" ಅಂದ. "ನಾಳಿಗೆ ನಲವತ್ತು ಮಂದಿಗೆ ರೊಟ್ಟಿ ಆಗ್ಬೇಕು. ಬ್ಯಾಳಿ ಆಗ್ಬೇಕು. ಸೊಪ್ಪು ಆಗ್ಬೇಕು."

"ಚಟ್ನಿನೋ, ಗೊಜ್ಜೋ?" ಅಂದಳು ಗುರವ್ವ.

"ನನಗ ತಿಳೀವಲ್ದು ಬೇ. ಎರಡೂ ಮಾಡ್ರಿ. ಮೊದಲ ರೊಟ್ಟಿ ಬಡೀರಿ."

ಮರುದಿನ ಗೋದಾಮಿನಲ್ಲಿ ಪಂಕ್ತಿ ಕೂತಿತು. ಅತ್ತೆ ಒಂದು ಕಡೆಯಿಂದ ಬಡಿಸುತ್ತಾ ಬಂದಳು, ಸೊಸೆ ಇನ್ನೊಂದು ಕಡೆಯಿಂದ. ಅಡಿವೆಪ್ಪ ಬೇಳೆಯ ಕೊಳಗ ಹಿಡಿದು ಫಕೀರವ್ವನ ಮುಂದೆ ನಿಂತ. ಈಗಲಾದರೂ ಗೊತ್ತಾಗಲಿ, ಯಾವುದಕ್ಕೆ ಮೊದಲು ಕೈ ಹಾಕುತ್ತಾಳೆ ಎಂದು ನೋಡುತ್ತಿದ್ದ. ಅವಳು ಎರಡಕ್ಕೂ ಹಾಕಲಿಲ್ಲ. ಒಂದು ರೊಟ್ಟಿ ಬೇಳೆಯಲ್ಲಿ ಅದ್ದಿ ಉಂಡಳು. ಎರಡನೆಯದನ್ನೂ ಉಂಡಳು. ಆಮೇಲೆ ತಲೆ ಎತ್ತಿ, ಯಾರೋ ಕರೆದು ಎಬ್ಬಿಸಿದಂತೆ ಸುತ್ತ ನೋಡಿ, ಚಟ್ನಿಯನ್ನೂ ಗೊಜ್ಜನ್ನೂ ಬೆರಳಿನಿಂದ ಕಲಸಿ ಬಾಯಿಗಿಟ್ಟುಕೊಂಡಳು. ಆ ತಿಂಗಳಿಂದಲೇ ಅವನು ಎಲ್ಲರ ಕೂಲಿಯನ್ನೂ ಏರಿಸಿದ. ಎರಡರಲ್ಲಿ ಯಾವುದು ಹೆಚ್ಚು ಎಂದು ಮಾತ್ರ ಅವನಿಗೆ ಕೊನೆಗೂ ತಿಳಿಯಲಿಲ್ಲ. ಡಾಕ್ಟರಮ್ಮ ಹೇಳಿದ್ದೆಲ್ಲಾ ನಿಜವೇ ಆಗಿತ್ತು. ಅವನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆಯಾಗಿತ್ತು.

ಈಗ ನಿಮ್ಮ ಕಡೆ ಬರುತ್ತೇನೆ. ನಗುತ್ತಿದ್ದಿರಲ್ಲ ಇಷ್ಟು ಹೊತ್ತು? ಬೆಳಿಗ್ಗೆ ಎದ್ದರೆ ನೀವೂ ಫೋನಿನಲ್ಲಿ ಇದನ್ನೇ ನೋಡುತ್ತೀರಿ. ನಿಂಬೆಹಣ್ಣು ಒಳ್ಳೆಯದೋ, ನೆಲ್ಲಿಕಾಯಿ ಒಳ್ಳೆಯದೋ? ಬೆಲ್ಲವೋ, ಜೇನುತುಪ್ಪವೋ? ನೋಡಿ, ಬೇಡ ಎನ್ನುವುದಿಲ್ಲ. ಆದರೆ ಅದನ್ನು ನೋಡುತ್ತಾ ಕೂತ ನಿಮ್ಮ ಬೆನ್ನ ಹಿಂದೆ ಪಾತ್ರೆ ತೊಳೆಯುತ್ತಿದ್ದಾಳಲ್ಲ, ಅವಳು ನಿನ್ನೆ ರಾತ್ರಿ ಏನು ಉಂಡಳು? ಗೊತ್ತೇ? ಕೈ ಎತ್ತಿ ನೋಡೋಣ, ಯಾರಿಗೆ ಗೊತ್ತು?

ನಾಳೆಯಿಂದ ಕೇಳಿ. ಉಂಡೆಯಾ ಎಂದು ಕೇಳಬೇಡಿ, ಆಯಿತು ಅಂದುಬಿಡುತ್ತಾರೆ. ಏನು ಉಂಡೆ ಎಂದು ಕೇಳಿ. ಉತ್ತರ ಬರುವವರೆಗೆ ನಿಲ್ಲಿ. ಕೊಡುವುದನ್ನು ಆಮೇಲೆ ಯೋಚಿಸುವಿರಂತೆ, ಅದು ತಾನಾಗಿ ತಿಳಿಯುತ್ತದೆ.

ನಾಳೆಯೇಕೆ? ಇವತ್ತು ನಿಮ್ಮನ್ನು ಇಲ್ಲಿಗೆ ಕರೆತಂದ ಗಾಡಿಗಳು ಹೊರಗೆ ಬೇವಿನ ಮರದ ಕೆಳಗೆ ನಿಂತಿವೆ. ಓಡಿಸಿಕೊಂಡು ಬಂದವರು ಆ ಗಾಡಿಗಳೊಳಗೇ ಕೂತಿದ್ದಾರೆ, ಮೂರು ತಾಸಾಯಿತು. ಇಲ್ಲಿ ಪ್ರಸಾದ ತಯಾರಾಗಿದೆ, ಘಮಘಮ ವಾಸನೆ ನಿಮಗೂ ಬಂದಿದೆ, ನನಗೂ ಬಂದಿದೆ. ಏಳಿ. ಚಪ್ಪಲಿ ಮೆಟ್ಟಿಕೊಂಡು ಹೋಗಿ ಅವರನ್ನು ಕರೆದುಕೊಂಡು ಬನ್ನಿ, ನಿಮ್ಮ ಪಕ್ಕದ ಎಲೆಗೆ ಕೂರಿಸಿಕೊಳ್ಳಿ. ಅವರು ಬರುವವರೆಗೆ ಪಂಕ್ತಿ ಶುರುವಾಗುವುದಿಲ್ಲ.