ನಡುಬಂಡೆ ಮೇಲೆ ನಮ್ಮನೆಯವರು

ಹಲೋ… ಹಲೋ, ಯಾರು ಮಾತಾಡೋದು?… ಪವರ್ ಹೌಸಿನಿಂದಲಾ? ದನಿ ಹೊಸದು. ಹೊಸ ಆಪರೇಟರ್ರಾ?… ಹಾಂ, ಸರಿಯಾದ ಮನೆಗೇ ಮಾಡಿದ್ದೀರಿ. ಅಣೆಕಟ್ಟಿನ ಕೆಳಗೆ ಹೊಳೆದಂಡೆಯ ಮೊದಲನೇ ಮನೆ ನಮ್ಮದೇ.

…

ಗೊತ್ತಪ್ಪ, ಗೊತ್ತು. ಮೆಷಿನ್ನು ತಿರುಗಿಸಿದರೆ ಆ ನೀರೆಲ್ಲ ಈ ಕಡೆಗೇ ಬರುತ್ತೆ. ಅದಕ್ಕೇ ನೀವು ಮೊದಲು ‘ಹೊಳೆ ಖಾಲಿಯಾ?’ ಅಂತ ಕೇಳಬೇಕು, ನಾನು ಕಿಟಕಿಯಿಂದ ನೋಡಿ ‘ಬಿಡಿ’ ಅನ್ನಬೇಕು. ಆ ಮಾತು ನನ್ನ ಬಾಯಿಂದ ಬರೋವರೆಗೆ ನೀವು ಗುಂಡಿ ಮುಟ್ಟೋ ಹಾಗಿಲ್ಲ. ಆದರೆ ಇವತ್ತು ಅನ್ನೋಕಾಗಲ್ಲ.

…

ಯಾಕೆ ಅಂದ್ರೆ ಹೊಳೆ ಖಾಲಿ ಇಲ್ಲ. ನಡುಬಂಡೆ ಮೇಲೆ ನಮ್ಮನೆಯವರು ಕೂತಿದ್ದಾರೆ, ಬೆಳದಿಂಗಳಲ್ಲಿ ಚೆನ್ನಾಗಿ ಕಾಣ್ತಿದ್ದಾರೆ.

…

ಇಲ್ಲ, ಮೀನು ಹಿಡೀತಿಲ್ಲ. ಮುನಿಸಿಕೊಂಡಿದ್ದಾರೆ.

…

ಸೈರನ್ ಊದಿದಿರಿ, ಕೇಳಿಸ್ತು. ಅವರಿಗೂ ಕೇಳಿಸ್ತು. ‘ಊದಲಿ, ಊದಲಿ, ಆ ಸೈರನ್ನಿಗೆ ಗ್ರೀಸ್ ಹಾಕಿ ಸಾಕಿದವನು ನಾನು’ ಅಂದ್ರು. ನಿಮ್ಮ ಕುರ್ಚಿಯಲ್ಲೇ ಕೂತು ರಿಟೈರ್ ಆದವರಪ್ಪ. ಹೊಳೆಯಲ್ಲಿ ಒಂದು ನರಪಿಳ್ಳೆ ಇದ್ದರೂ ನೀರು ಬಿಡಬಾರದು ಅನ್ನೋ ನಿಯಮ ತಂದವರೇ ಅವರು. ಈಗ ಆ ನರಪಿಳ್ಳೆಯೂ ಅವರೇ.

…

ಜಗಳ ಬೆಳಕಿನದು. ನಾನು ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿತದ್ದು ತಲೆ ನರೆತ ಮೇಲೆ. ಮೊದಮೊದಲು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದ್ತಿದ್ದೆ. ಇವರಿಗೆ ಕೋಳಿ ಮಲಗೋ ಹೊತ್ತಿಗೇ ನಿದ್ದೆ. ನನ್ನ ಓದನ್ನೇ ಜೋಗುಳ ಮಾಡಿಕೊಂಡು ಗೊರಕೆ ಹೊಡೀತಿದ್ರು. ಈಗ ನನಗೆ ಮನಸ್ಸಿನಲ್ಲೇ ಓದೋಕೆ ಬಂತು. ಬಲ್ಬು ಉರಿಯುತ್ತೆ, ಸದ್ದಿಲ್ಲ. ‘ಗಟ್ಟಿಯಾಗಿ ಓದು, ಇಲ್ಲ ದೀಪ ಆರಿಸು’ ಅಂತ ಒಂದೇ ಹಠ. ಊರಿಗೆಲ್ಲ ಕರೆಂಟ್ ಕೊಟ್ಟ ಮಹಾನುಭಾವ, ಹೆಂಡತಿ ತಲೆ ಮೇಲಿನ ಒಂದು ಬಲ್ಬು ಸಹಿಸಲ್ಲ ಅಂದ್ರೆ ಹೇಗೆ, ಅಲ್ವಾ?

…

ಆರಿಸಲ್ಲ. ಕಥೆ ಒಳ್ಳೆ ಘಟ್ಟದಲ್ಲಿದೆ.

…

ಊರಿಗೆ ಕತ್ತಲೆಯಾ? ಆಗಲೇನಾ? ನಮ್ಮನೇಲಿ ಕರೆಂಟ್ ಇದೆಯಲ್ಲ… ಹಾಂ, ನಮ್ಮದು ಅಣೆಕಟ್ಟಿನ ಕಾಲೊನಿಯ ಬೇರೆ ಲೈನು… ಯಾರು ಸಿಕ್ಕಿಕೊಂಡಿದ್ದಾರೆ? ನಿಮ್ಮತ್ತೆಯವರಾ? ಲಿಫ್ಟಿನಲ್ಲಾ? ಅಯ್ಯೋ ಪಾಪ!… ಓಹೋ. ನಿಮಗೇನೂ ಆತುರ ಇಲ್ಲ, ನಿಮ್ಮ ಹೆಂಡತಿಗೆ ಆತುರ. ಅರ್ಥ ಆಯ್ತಪ್ಪ, ನಾನೂ ಒಬ್ಬ ಅಳಿಯನಿಗೆ ಅತ್ತೆ.

…

ಸ್ವಲ್ಪವೇ ನೀರು ಬಿಟ್ಟರೆ ಆಗಲ್ವಾ? ಒಂದು ಲಿಫ್ಟಿಗೆ ಎಷ್ಟು ಬೇಕೋ ಅಷ್ಟು? ಇವರಿಗೆ ಕಾಲು ಮೇಲೆತ್ತಿಕೊಂಡು ಕೂತ್ಕೊಳ್ಳಿ ಅಂತ ಹೇಳ್ತೀನಿ… ಹಾಗೆಲ್ಲ ಚಮಚದಲ್ಲಿ ಬಿಡೋಕಾಗಲ್ವಾ. ಸರಿ.

…

ನಾನು ಹೋಗಿ ಕೈ ಹಿಡಿದು ಕರೆತರೋದಾ? ಆಮೇಲೆ ನಿಮಗೆ ಜವಾಬು ಕೊಡೋರು ಯಾರು? ಈ ಫೋನಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಯ್ತು, ಚಾರ್ಜರಿಗೆ ಸಿಕ್ಕಿಸಿಕೊಂಡೇ ಮಾತಾಡ್ಬೇಕು. ದೀಪಕ್ಕೂ ಇದಕ್ಕೂ ಒಂದೇ ಸ್ವಿಚ್ಚು. ಅದೂ ಅವರದೇ ಕೈಕೆಲಸ.

…

ಏನು ಕಥೆ ಅಂತಾ? ನಿಮಗ್ಯಾಕಪ್ಪ ಈಗ?… ಹೇಗೂ ಕಾಯ್ತಾ ಇದ್ದೀರಿ, ಅದೂ ನಿಜ. ಒಬ್ಬ ಕಳ್ಳ ಪೊಲೀಸರಿಗೆ ಹೆದರಿ ಪಾಳುಬಾವಿಗೆ ಇಳೀತಾನೆ. ನೋಡಿದರೆ ಅಲ್ಲಿ ಆಗಲೇ ಇನ್ನೊಬ್ಬ ಕಳ್ಳ… ಹೂಂ, ಕೇಳಿಸೋ ಹಾಗೆ ಓದ್ತೀನಿ. ‘ಮೊದಲನೆಯವನು, ಅಣ್ಣಾ, ಸ್ವಲ್ಪ ಸರಿದು ಕೂತ್ಕೊಳ್ತೀಯಾ, ಎಂದ. ಎರಡನೆಯವನು, ಸರಿಯೋಣ ಅಂದ್ರೆ ನನ್ನ ಬೆನ್ನ ಹಿಂದೆ ಪೊಲೀಸಿನವನು ಕೂತಿದ್ದಾನೆ, ಎಂದ.’

…

ನಗಬೇಡಿ, ನೀವು ನಕ್ಕರೆ ನನಗೆ ಸಾಲು ತಪ್ಪುತ್ತೆ… ತಾಳಿ, ತಾಳಿ. ಇವರು ಎದ್ದು ನಿಂತ್ರು. ಏನೋ ಕೂಗ್ತಿದ್ದಾರೆ… ‘ಯಾರಿಗೆ ಓದ್ತಿದ್ದೀಯಾ?’ ಅಂತೆ. ಪವರ್ ಹೌಸಿನವರಿಗೆ ರೀ! ಹೊಸ ಆಪರೇಟರಿಗೆ!… ಹೌದು, ಗಟ್ಟಿಯಾಗಿಯೇ!

…

ಅಯ್ಯಯ್ಯೋ, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ದಾಪುಗಾಲು ಹಾಕ್ತಿದ್ದಾರೆ! ‘ಮನೆಯವನಿಗೆ ಮೌನ, ಪರರಿಗೆ ಪಾರಾಯಣವಾ!’ ಅಂತ ಬೈಯ್ತಾ ಬರ್ತಿದ್ದಾರೆ. ಸೈರನ್ನಿಗೆ ಏಳದ ಮನುಷ್ಯ ನೋಡಿ, ಹೊಟ್ಟೆಕಿಚ್ಚಿಗೆ ಎದ್ದ.

…

ಇಲ್ಲ ಇಲ್ಲ, ಈಗಲೇ ಬೇಡ! ದಂಡೆ ಹತ್ತಲಿ. ಮೊಣಕಾಲು ಬೇರೆ ನೋವು ಅವರಿಗೆ… ಹುಷಾರು ರೀ, ಅಲ್ಲಿ ಪಾಚಿ! ಎಡಗಡೆ ಕಲ್ಲು, ಎಡಗಡೆ!… ಹಾಂ. ಹತ್ತಿದ್ರು. ಮೆಟ್ಟಿಲಿಗೆ ಬಂದ್ರು. ಅಬ್ಬಾ, ಜೀವ ಬಂತು ಕಣಪ್ಪ. ಕಥೆ ಒಳ್ಳೆ ಘಟ್ಟದಲ್ಲಿದೆ ಅಂದೆನಲ್ಲ, ಅವರು ಬಂಡೆ ಹತ್ತಿದಾಗಿನಿಂದ ನಾನು ಅದೇ ಪುಟದಲ್ಲಿದ್ದೀನಿ.

…

ಆಮೇಲೆ ಕಳ್ಳರು ಏನಾದ್ರು ಅಂತಾ? ನಾಳೆ ಹೇಳ್ತೀನಿ, ಪಾಪ ಆ ಅತ್ತೆಯವರನ್ನು ಮೊದಲು ಇಳಿಸಿ. ಕೇಳಿ, ನಿಮ್ಮ ಪ್ರಶ್ನೆ ಕೇಳಿ. ನಿಯಮ ನಿಯಮವೇ ತಾನೇ?… ಹಾಂ. ಬಂಡೆ ಖಾಲಿ. ಹೊಳೆ ಖಾಲಿ. ಮನುಷ್ಯ ಮನೆಯೊಳಗಿದ್ದಾರೆ, ಇಲ್ಲೇ ನನ್ನ ಹಿಂದೆ ನಿಂತು ಬುಸುಗುಡ್ತಿದ್ದಾರೆ… ರೀ, ಒದ್ದೆ ಕೈಯಲ್ಲಿ ಸ್ವಿಚ್ಚು… ರೀ, ಬೇಡ ರೀ, ಇನ್ನೊಂದೇ ಒಂದು ಮಾತು ಹೇಳೋದಿದೆ, ಆರಿಸ್ಬೇಡಿ! ಹಲೋ, ಆಪರೇಟರೇ, ಬೇಗ ಕೇಳಿಸ್ಕೊಳ್ಳಿ! ಬಿ…