ಮೊಮ್ಮಗಳ ಆಲ್ಬಂ ಬಗ್ಗೆ ಎರಡು ವಾಕ್ಯ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಯುವಕರ ಸಂಘದ ಗೌರವಾಧ್ಯಕ್ಷರಾದ ನಿಂಗಯ್ಯನವರೇ, ವೇದಿಕೆಯ ಮೇಲಿರುವ ಗಣ್ಯರೇ, ಚಿಕ್ಕಬೀರಮ್ಮ ಎಂಬ ನನ್ನ ಹೆಸರಿನ ಮುಂದೆ 'ಖ್ಯಾತ ವಿಮರ್ಶಕಿ' ಎಂದು ಸೇರಿಸಿ ಕರೆದ ನಿರೂಪಕಿ ಪ್ರಮೀಳಾ ಅವರೇ, ಕೃಷ್ಣರಾಜನಗರದವರೇ, ಮಿರ್ಲೆಯಿಂದ ನನ್ನ ಜೊತೆ ಬಸ್ಸಿನಲ್ಲಿ ಬಂದ ನಮ್ಮ ಬೀದಿಯವರೇ, ಮುಂದಿನ ಸಾಲಿನಲ್ಲಿ ಜಾಗವಿದ್ದರೂ ಹಿಂದೆ ಬಾಗಿಲ ಹತ್ತಿರ ಹೋಗಿ ಕೂತಿರುವ ನನ್ನ ಮಗ ಕನಕರಾಜುವೇ, ಹಾಗೂ ಎಲ್ಲ ಸಭಿಕರೇ.

ಇಂದು ನನ್ನ ಮೊಮ್ಮಗಳು ಶಾಂತಲಾ ಮತ್ತು ಅವಳ ಗೆಳೆಯರು ಸೇರಿ ಮಾಡಿದ ಹಾಡುಗಳ ಆಲ್ಬಂ ಬಿಡುಗಡೆ. ಬಿಡುಗಡೆ ಮಾಡಿ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಆದರೆ ಬಿಡುಗಡೆ ಮಾಡಲು ವಸ್ತುವೇ ಇಲ್ಲ. ಹಾಡೆಲ್ಲ ಫೋನಿನೊಳಗೇ ಇವೆಯಂತೆ. ಅದಕ್ಕೇ ಒಂದು ಖಾಲಿ ರಟ್ಟಿನ ಡಬ್ಬಕ್ಕೆ ಬಣ್ಣದ ಕಾಗದ ಸುತ್ತಿ ಕೊಟ್ಟರು. ನಾನು ಬಿಚ್ಚಿದೆ, ನೀವು ಚಪ್ಪಾಳೆ ತಟ್ಟಿದಿರಿ. ಖಾಲಿ ಡಬ್ಬಕ್ಕೆ ಇಷ್ಟು ಚಪ್ಪಾಳೆಯನ್ನು ನಾನು ಎಲೆಕ್ಷನ್ನಿನಲ್ಲೂ ಕಂಡಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಸಿನಿಮಾ ನೋಡಿದ್ದೇನೆ. ಒಂದು ಕಾಲದಲ್ಲಿ ಈ ಊರಿನ ಟಾಕೀಸಿಗೆ ಹೊಸ ಪಿಕ್ಚರ್ ಬಂದರೆ ಮೊದಲು ನಾನು ಹೋಗಿ ಬರಬೇಕಿತ್ತು. ಬಸ್ಸಿಂದ ಇಳಿಯುವಾಗ ನನ್ನ ಮುಖ ನೋಡಿಯೇ ನಮ್ಮ ಬೀದಿಯ ಹೆಂಗಸರು ಹೋಗುವುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಟಾಕೀಸಿನವರು ಒಮ್ಮೆ ಹೇಳಿಕಳಿಸಿದ್ದರು: "ಅಮ್ಮ, ನಿಮ್ಗೆ ಟಿಕೇಟೇ ಬ್ಯಾಡ, ಸುಮ್ನೆ ಬಂದು ನೋಡ್ಕೊಂಡೋಗಿ. ಆದ್ರೆ ಪಿಚ್ಚರ್ ಓಡಿ ಮುಗಿಯೋ ದಿನ ಬನ್ನಿ."

ನಾನೇನು ಸುಳ್ಳು ಹೇಳಿದ್ದೆನೇ? ನಾಯಕ ರೈತನ ಮಗ. ಸರಿ. ಇಡೀ ಪಿಕ್ಚರಿನಲ್ಲಿ ಒಂದು ಸಾರಿಯಾದರೂ ಸಗಣಿ ಎತ್ತುತ್ತಾನೆಯೇ? ಬಿಳಿ ಪಂಚೆ ಉಟ್ಟು ನಾಟಿ ಗದ್ದೆಗೆ ಇಳಿಯುತ್ತಾನೆ, ಬಿಳಿ ಪಂಚೆಯಲ್ಲೇ ಮೇಲೆ ಬರುತ್ತಾನೆ. ಕೆಸರಿಗೂ ಅವನನ್ನು ಕಂಡರೆ ಭಯವೇ? ಒಂದು ಲಾರಿ ಜನರನ್ನು ಹೊಡೆದು ಎಸೆಯುವವನಿಗೆ ತಾಯಿಯ ಕೆಮ್ಮಿಗೆ ಒಂದು ಬಾಟಲಿ ಔಷಧಿ ತಂದುಕೊಡಲು ಆಗುವುದಿಲ್ಲವೇ? ಅವಳು ಇಂಟರ್‌ವಲ್ ತನಕ ಕೆಮ್ಮಿ ಕೆಮ್ಮಿ ಸಾಯಬೇಕು, ಆಮೇಲೆ ಇವನು ಗುಡುಗು ಮಳೆಯಲ್ಲಿ ನಿಂತು ಅಳಬೇಕು.

ಈಚಿನ ಪಿಕ್ಚರುಗಳು ಇನ್ನೂ ಒಂದು ಕೈ ಮೇಲು. ಎಲ್ಲ ಕತ್ತಲು, ಎಲ್ಲ ಹೊಗೆ, ಎಲ್ಲ ಗಡ್ಡ. ಯಾವ ಗಡ್ಡ ಯಾವ ಗಡ್ಡವನ್ನು ಕೊಂದಿತು ಎಂದು ಗೊತ್ತಾಗುವಷ್ಟರಲ್ಲಿ ಉಳಿದದ್ದು ಎರಡನೇ ಭಾಗದಲ್ಲಿ ಎನ್ನುತ್ತಾರೆ. ಮದುವೆ ಊಟಕ್ಕೆ ಕರೆದು, ಎಲೆಗೆ ಉಪ್ಪು ಪಲ್ಯ ಬಡಿಸಿ, ಅನ್ನ ಮುಂದಿನ ವರ್ಷ ಎಂದರೆ ನೀವು ಸುಮ್ಮನೆ ಏಳುತ್ತೀರಾ? ಸಿನಿಮಾದವರಿಗೆ ಮಾತ್ರ ಶಿಳ್ಳೆ ಹೊಡೆದು ಎದ್ದು ಬರುತ್ತೀರಿ.

ಇರಲಿ. ಆಲ್ಬಂ ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷರು ಆಗಲೇ ಗಡಿಯಾರ ನೋಡಿದರು.

ನಮ್ಮ ಶಾಂತಲಾ ಸಾಲಿಗ್ರಾಮದ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ರಜೆ ಬಂದರೆ ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿಗೆ ಹೋಗಿ, ಲಿಂಗರಾಜು ಎಂಬ ಗಿಟಾರಿನ ಹುಡುಗನ ಮನೆಯಲ್ಲಿ ಎಲ್ಲರೊಂದಿಗೆ ಸೇರಿ ಹಾಡುತ್ತಾಳೆ. ಇದು ನನಗೆ ಗೊತ್ತಿತ್ತು, ಅವಳಪ್ಪನಿಗೆ ಗೊತ್ತಿರಲಿಲ್ಲ. ಹೋದ ತಿಂಗಳು ಪಕ್ಕದ ಮನೆಯ ಪುಟ್ಟಮಲ್ಲಮ್ಮ ಕನಕನ ಊಟದ ಹೊತ್ತಿಗೆ ಸರಿಯಾಗಿ ಬಂದು ಹೇಳಿದಳು: "ನಿನ್ ಮಗಳು ಹ್ಯಾಂಡ್‌ಪೋಸ್ಟ್ ಹುಡುಗನ ಜೊತೆ ಆಲ್ಬಮ್ ಮಾಡವ್ಳಂತೆ ಕಣಪ್ಪ, ಫೋನಲ್ಲಿ ಬಂದದೆ."

ನಮ್ಮ ಕಡೆ ಆಲ್ಬಂ ಎಂದರೆ ಇನ್ನೇನು ಹೇಳಿ? ಮದುವೆಯ ಫೋಟೊ ಅಂಟಿಸಿದ ದಪ್ಪ ಪುಸ್ತಕ. ಕನಕ ಮುರಿದ ಮುದ್ದೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದುಬಿಟ್ಟ. ನಾನೂ ಗಾಬರಿಯಾದೆ, ಸುಳ್ಳೇಕೆ ಹೇಳಲಿ. ಮದುವೆಯಾದಳು ಎಂದಲ್ಲ, ನನ್ನನ್ನು ಕರೆಯದೆ ಆದಳಲ್ಲ ಎಂದು.

ಸಂಜೆ ಹುಡುಗಿ ಬಂದಳು. ಇವನು ಬಾಗಿಲಲ್ಲೇ ನಿಲ್ಲಿಸಿ ಕೇಳಿದ: "ಎಲ್ಲಮ್ಮಿ ಆಲ್ಬಮ್ಮು? ತೋರ್ಸು."

ಅಪ್ಪ ಕೇಳಿದನಲ್ಲ ಎಂದು ಅವಳಿಗೆ ಸಂತೋಷ. "ಇನ್ನೂ ಪೂರ್ತಿ ಆಗಿಲ್ಲ ಕಣಪ್ಪ. ಒಟ್ಟು ಐದ್ ಜನ ಸೇರ್ಕೊಂಡು ಮಾಡಿದ್ದೀವಿ" ಎಂದಳು.

ಐದು ಜನ ಎಂದ ಮೇಲೆ ನನ್ನ ಮಗ ಜಗಲಿಯ ಮೇಲೆ ಕೂತುಬಿಟ್ಟ.

ಅದು ಮದುವೆಯಲ್ಲ, ಹಾಡು ಎಂದು ತಿಳಿಯಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತಾಯಿತು. ತಿಳಿದ ಮೇಲೆ ಸಿಟ್ಟು ಇಳಿಯಬೇಕಲ್ಲವೇ? ಏರಿತು. "ಮದ್ವೆ ಆಗಿದ್ರೆ ಯಾರ್ಗಾರ ಹೇಳ್ಬೌದಿತ್ತು. ಮಗಳು ಕಿರುಚ್ಕೊಂಡವ್ಳೆ ಅಂತ ಯಾರ್ಗೆ ಹೇಳ್ಲಿ?" ಎಂದ. ಅವಳೂ ಅವನ ಮಗಳೇ, ಮಾತಿಗೆ ಮಾತು ಕೊಟ್ಟಳು. ಮನೆಯಲ್ಲಿ ಒಂದು ವಾರ ನನ್ನ ಮೂಲಕವೇ ಇಬ್ಬರ ಮಾತುಕತೆ. ಉಪ್ಪು ಕೊಡು ಎನ್ನುವುದಕ್ಕೂ ನಾನೇ ನಡುವೆ. ಕೊನೆಗೆ ಕನಕನೇ ಮಗಳಿಗೆ ತೀರ್ಮಾನ ಹೇಳಿದ: "ಅವ್ವ ಸುಳ್ಳೇಳಾಕಿಲ್ಲ. ಬಿಡುಗಡೆ ಸಭೇಲಿ ನಿಂತು ಚೆನ್ನಾಗದೆ ಅಂದ್ರೆ ಹಾಡ್ಕೊ, ನಾನ್ ಕೇಳಲ್ಲ. ಚೆನ್ನಾಗಿಲ್ಲ ಅಂದ್ರೆ ಅವತ್ತಿಗೇ ನಿಲ್ಸು."

ಹುಡುಗಿ ಆಗಲಿ ಎಂದಳು. ಇಬ್ಬರೂ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ. ಸಭಿಕರೇ, ನಾನು ಈಗ ನಿಂತಿರುವ ಜಾಗ ಎಂಥದ್ದೆಂದು ತಿಳಿಯಿತಲ್ಲ?

ಅಂದಿನಿಂದ ಶಾಂತಲಾ ನನಗೆ ಪಾಠ ಶುರುಮಾಡಿದಳು. ನನ್ನ ಕಿವಿಗೆ ವೈರು ಸಿಕ್ಕಿಸಿ, ಇದು ಆಲ್ಟರ್ನೇಟಿವ್ ರಾಕ್ ಎಂದಳು. ಆಲ್ಟರ್ನೇಟಿವ್ ಎಂದರೆ ಬದಲಿ, ರಾಕ್ ಎಂದರೆ ಕಲ್ಲು ಎಂದು ಅರ್ಥವನ್ನೂ ಬಿಡಿಸಿದಳು. ಬದಲಿ ಕಲ್ಲು. ಹಾಗಾದರೆ ಮೊದಲಿನ ಕಲ್ಲಿಗೆ ಏನಾಯಿತು ಎಂದು ಕೇಳಿದೆ, ಇವತ್ತಿನವರೆಗೂ ಹೇಳಿಲ್ಲ.

ಹೊರದೇಶದ ಆಲ್ಬಂಗಳನ್ನು ಕೇಳಿಸಿದಳು. ಒಂದರಲ್ಲಿ ಒಬ್ಬ ಗಂಡಸು ಮೊದಲಿನಿಂದ ಕೊನೆತನಕ ಅಳುತ್ತಾನೆ. ಯಾರಾದರೂ ತೀರಿಕೊಂಡರೇ ಎಂದರೆ, ಇಲ್ಲ, ಅವನಿಗೆ ಅವನೇ ಸರಿಹೋಗುವುದಿಲ್ಲವಂತೆ. ಎದ್ದು ಮುಖ ತೊಳೆದು ಒಂದಿಷ್ಟು ಸೌದೆ ಸೀಳಿದರೆ ಸರಿಹೋಗುತ್ತಾನೆ. ಇನ್ನೊಂದರಲ್ಲಿ ಪಿಸುಪಿಸು ಎನ್ನುತ್ತಾ ಇದ್ದವರು ಇದ್ದಕ್ಕಿದ್ದಂತೆ ಬೊಬ್ಬೆ ಹೊಡೆದರು. ನಾನು ಕಾಡುಹಂದಿ ಬಂತೆಂದು ದೊಣ್ಣೆಗೆ ಕೈ ಹಾಕಿದೆ. ಆದರೆ ಒಂದರಲ್ಲಿ ಒಬ್ಬ ಹೆಂಗಸು ಯಾರಿಗೋ ಬೈಯುತ್ತಾಳೆ. ಭಾಷೆ ಗೊತ್ತಿಲ್ಲದಿದ್ದರೂ ಬೈಗುಳ ತಿಳಿಯುತ್ತಿತ್ತು. ನಲ್ಲಿ ಹತ್ತಿರ ಬಿಂದಿಗೆ ಇಟ್ಟು ನಿಂತವಳ ಸಿಟ್ಟು ಅದು. ಉಸಿರು ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಅವಳು ಚೆನ್ನಾಗಿರಲಿ.

ಈಗ ನಮ್ಮವರ ಆಲ್ಬಂ. ಇವರು ತಮ್ಮ ತಂಡಕ್ಕೆ ಹ್ಯಾಂಡ್‌ಪೋಸ್ಟ್ ಎಂದೇ ಹೆಸರಿಟ್ಟಿದ್ದಾರೆ. ಸರಿಯಾದ ಹೆಸರು. ಹ್ಯಾಂಡ್‌ಪೋಸ್ಟ್ ಎಂದರೆ ಒಂದು ಬಸ್ಸಿಂದ ಇಳಿದು ಇನ್ನೊಂದಕ್ಕೆ ಕಾಯುವ ಜಾಗ. ಇವರ ಹಾಡೂ ಹಾಗೇ. ಈಗ ಬಂತು, ಈಗ ಬಂತು ಎಂದು ಗಿಟಾರು ಹೇಳುತ್ತಲೇ ಇರುತ್ತದೆ, ಹಾಡು ಬರುವುದಿಲ್ಲ. ಡ್ರಮ್ಮಿನವನಿಗೆ ಯಾರ ಮೇಲೋ ಕೋಪ. ನಮ್ಮ ಹುಡುಗಿ ಕನ್ನಡವನ್ನು ಬಾಯಲ್ಲಿ ಬಿಸಿ ಬೋಂಡ ಇಟ್ಟುಕೊಂಡವಳಂತೆ ಆಡುತ್ತಾಳೆ. 'ನೀರು' ಎನ್ನುವುದನ್ನು 'ನೀರ್ರ್ಯೂ' ಎಂದರೆ ಯಾರಿಗೆ ಬಾಯಾರಿಕೆ ತೀರುತ್ತದೆ?

ನೋಡಿ, ಹಿಂದಿನ ಸಾಲಿನಲ್ಲಿ ನನ್ನ ಮಗ ನೆಟ್ಟಗೆ ಕೂತ. ಇಲ್ಲಿ ವೇದಿಕೆಯ ಪಕ್ಕದಲ್ಲಿ ನನ್ನ ಮೊಮ್ಮಗಳು ತಲೆ ತಗ್ಗಿಸಿದ್ದಾಳೆ. ಇರಿ ಇಬ್ಬರೂ. ನನ್ನ ಮಾತು ಮುಗಿದಿಲ್ಲ.

ಒಂದು ಹಾಡಿದೆ. ಬಸ್ಸಿನಲ್ಲಿ ಬರುವ ಹುಡುಗಿ ಪಕ್ಕದಲ್ಲಿ ನಿಂತ ಮುದುಕಿಗೆ ಸೀಟು ಬಿಡಬೇಕಾದೀತೆಂದು ನಿದ್ದೆ ಬಂದವಳಂತೆ ನಟಿಸುವ ಹಾಡು. ಅದರಲ್ಲಿ ಗಿಟಾರು, ಡ್ರಮ್ಮು ಎಲ್ಲ ನಿಂತು, ಇವಳೊಬ್ಬಳೇ ಮೆಲ್ಲಗೆ "ಇಳಿಯೋ ಜಾಗ ಬಂದ್ರೂ ಕೂತೇ ಇವ್ನಿ" ಎನ್ನುತ್ತಾಳೆ. ಅಲ್ಲಿ ಬಾಯಲ್ಲಿ ಬೋಂಡ ಇಲ್ಲ. ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದೆ. ಎಮ್ಮೆ ಕರೆಯುವ ಹೊತ್ತಾಗಿದ್ದರೂ ಏಳಲಿಲ್ಲ.

ಚೆನ್ನಾಗಿದೆ, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕೂರಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಒಂದು ಮಾತಿನ ಅಭಿಪ್ರಾಯದಿಂದ ಏನಾಗುತ್ತದೆ ಎಂದು ನನಗೆ ಗೊತ್ತು.

ನಮ್ಮ ಯಜಮಾನರು ಸಣ್ಣಬೀರಯ್ಯನವರು. ಹೆಸರು ಹೇಳಿದೆನೆಂದು ಬೈಯಲು ಈಗ ಅವರಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಾದಿನಿಯ ಮದುವೆ. ಹಸೆಯ ಮುಂದೆ ಕೂತು ಬೆಳಗಾಗುವ ತನಕ ಸೋಬಾನೆ ಪದ ಹೇಳಿದೆ. ಅತ್ತೆಯೇ ಸುಮ್ಮನೆ ಕೇಳಿದರು ಎಂದರೆ ನೋಡಿ. ಆಮೇಲೆ ಗಾಡಿ ಕಟ್ಟುತ್ತಿದ್ದ ಇವರ ಹತ್ತಿರ ಹೋಗಿ ಹೆಂಗಿತ್ತು ಎಂದು ಕೇಳಿದೆ. ಎತ್ತಿನ ಕೊರಳು ಸವರುತ್ತಾ ಒಂದೇ ಮಾತು ಹೇಳಿದರು: "ಬುಡು."

ಬುಟ್ಟೆ. ಇನ್ನೇನು ಮಾಡಲಿ? ಗಂಡ ಬುಡು ಎಂದ ಮೇಲೆ ಹಾಡಲಿಲ್ಲ. ಯಾರು ಕರೆದರೂ ಗಂಟಲು ಕಟ್ಟಿದೆ ಎಂದೆ. ಸಿನಿಮಾ ನೋಡಲು ಶುರುಮಾಡಿದ್ದೂ ಆಗಲೇ. ಬೇರೆಯವರ ಹಾಡಿನಲ್ಲಿ ಹುಳುಕು ಹುಡುಕಿಕೊಂಡು ಕಾಲ ಚೆನ್ನಾಗಿ ಹೋಯಿತು.

ಅವರು ಹಾಸಿಗೆ ಹಿಡಿದಿದ್ದಾಗ ಒಂದು ದಿನ ಎದುರು ಮನೆಯಲ್ಲಿ ಮೈಕು ಹಾಕಿದ್ದರು. ಯಾರೋ ಸೋಬಾನೆ ಹೇಳುತ್ತಿದ್ದರು. ಇವರು ನನ್ನ ಕಡೆ ತಿರುಗಿ ಕೇಳಿದರು: "ನೀನ್ಯಾಕಮ್ಮಿ ಹಾಡೋದ್ನೇ ಬುಟ್ಬುಟ್ಟೆ?"

"ನೀವೇ ಬುಡು ಅಂದ್ರಲ್ಲ."

"ಅಯ್ಯೋ, ಅದ್ನೂ ಕೇಳ್ಬೇಕಾ, ಬುಡು, ಅಂದೆ ಕಣಮ್ಮಿ."

ಸಭಿಕರೇ, ನೀವು ನಕ್ಕಿದ್ದು ಸರಿ. ನಾನೂ ನಕ್ಕೆ. ಇನ್ನೆರಡು ಮಾತು ಸೇರಿಸಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು ಎಂದು ಬೈದು, ಗಂಜಿ ಕುಡಿಸಿದೆ. ನನಗೇನೂ ಬೇಜಾರಿಲ್ಲ. ಆ ಹಾಡುಗಳೆಲ್ಲ ಮರೆತೇಹೋಗಿವೆ. ಪಾತ್ರೆ ಬೆಳಗುವಾಗ ಮಾತ್ರ ಒಂದೊಂದು ಪೂರ್ತಿ ನೆನಪಿಗೆ ಬರುತ್ತದೆ.

ಅದಕ್ಕೇ ನನ್ನ ತೀರ್ಪನ್ನು ಬಿಡಿಸಿ ಹೇಳುತ್ತೇನೆ. ಎರಡು ವಾಕ್ಯ ಇವೆ. ಕನಕ, ನೀನು ಪಿಯುಸಿ ತನಕ ಓದಿದ್ದೀಯ, ಪೂರ್ಣವಿರಾಮ ಎಂದರೇನು ಎಂದು ನಿನಗೆ ಗೊತ್ತು. ಮೊದಲನೆಯದು: ಆಲ್ಬಂ ಚೆನ್ನಾಗಿಲ್ಲ. ಇಲ್ಲಿ ಪೂರ್ಣವಿರಾಮ. ಎರಡನೆಯದು: ಶಾಂತಲಾ ಹಾಡುವುದನ್ನು ನಿಲ್ಲಿಸಕೂಡದು. ಮೊದಲನೆಯದರಿಂದ ಎರಡನೆಯದಕ್ಕೆ 'ಆದ್ದರಿಂದ' ಹಾಕುವುದಕ್ಕೆ ನಿನಗೆ ಅಧಿಕಾರವಿಲ್ಲ. ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ನಿಲ್ಲಿಸು ಎನ್ನುವುದು ವಿಮರ್ಶಕಿಯ ಕೆಲಸವಲ್ಲ, ಅಪ್ಪನ ಕೆಲಸವೂ ಅಲ್ಲ. ಎಲ್ಲಿಗೆ ಎದ್ದೆ? ಕೂತ್ಕೊ. ನಿನ್ನ ಷರತ್ತಿನಂತೆ ನಡೆದರೆ ಇವಳೂ ನನ್ನ ಹಾಗೆ ನಾಲಿಗೆ ಹರಿತ ಮಾಡಿಕೊಂಡು ಕೂರುತ್ತಾಳೆ. ಒಂದು ಮನೆಗೆ ಒಬ್ಬಳು ಸಾಕು.

ಕರೆದು ಶಾಲು ಹೊದಿಸಿದ ಸಂಘದವರಿಗೆ, ಮೈಕು ಕೆಡದಂತೆ ನೋಡಿಕೊಂಡವರಿಗೆ, ಗಡಿಯಾರ ನೋಡಿದರೂ ಗಂಟೆ ಬಾರಿಸದ ಅಧ್ಯಕ್ಷರಿಗೆ ನಾನು ಆಭಾರಿ. ಆ ಬಸ್ಸಿನ ಹಾಡಿನ ಸಾಲನ್ನು ಶಾಂತಲಾ ಕೊನೆಯಲ್ಲಿ ಸ್ವಲ್ಪ ಬೇಗ ಬಿಟ್ಟುಬಿಡುತ್ತಾಳೆ. ಎಷ್ಟು ಎಳೆಯಬೇಕು ಎಂದು ಈಗ ಹಾಡಿ ತೋರಿಸುತ್ತೇನೆ. ಲಿಂಗರಾಜು, ಗಿಟಾರು ಕೆಳಗಿಡಪ್ಪ. ಶಾಂತಲಾ, ಬಾ, ಈ ಮೈಕನ್ನು ನನ್ನ ಬಾಯಿಗೆ ಸರಿಯಾಗಿ ಹಿಡಿದುಕೊ. ಹಾಡಿದ ಮೇಲೆ ಹೆಂಗಿತ್ತು ಎಂದು ಕೇಳುತ್ತಾ ನಾನು ಇಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಎಲ್ಲರಿಗೂ ನಮಸ್ಕಾರ.