ಪೂರ್ತಿ ಪೀರಿಯಡ್ ಕೂತು ನೋಡಿ

ಶಾಲಾ ಸಮಿತಿಯ ಅಧ್ಯಕ್ಷರೇ, ಇಂದು ಸನ್ಮಾನ ಪಡೆದ ತಪಾಸಣಾಧಿಕಾರಿಗಳೇ, ಸಹೋದ್ಯೋಗಿಗಳೇ, ಸಭಿಕರೇ,

ಅಧ್ಯಕ್ಷರೇ, ಹೋದ ವರ್ಷ ಇದೇ ವೇದಿಕೆಯಿಂದ ನೀವು ನಮಗೆ ಮಾತು ಕೊಟ್ಟಿರಿ. ಪಾಠ ನೋಡಲು ಬಂದವರು ಪೂರ್ತಿ ಪೀರಿಯಡ್ ಕೂರುತ್ತಾರೆ ಎಂದಿರಿ, ಕೂರಲಿಲ್ಲ. ಕಂಡದ್ದನ್ನು ಎದುರಿಗೇ ಹೇಳುತ್ತಾರೆ ಎಂದಿರಿ, ಹೇಳಲಿಲ್ಲ. ತಿದ್ದಿಕೊಂಡೆವೇ ಎಂದು ಮತ್ತೆ ಬಂದು ನೋಡುತ್ತಾರೆ ಎಂದಿರಿ, ಬರಲಿಲ್ಲ. ಸನ್ಮಾನದ ದಿನ ಇದೇನು ಇವಳ ರಾಗ ಎನ್ನಬೇಡಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಆದರೆ ಚಪ್ಪಾಳೆ ಬೇರೆ, ಬಾಕಿ ಬೇರೆ.

ನಮ್ಮಲ್ಲಿ ಪ್ರತಿಯೊಬ್ಬರ ಬಳಿಯೂ ಒಂದು ತಪಾಸಣೆಯ ಪಾಠ ಇರುತ್ತದೆ. ನನ್ನದು, ನೀರು ಆವಿಯಾಗುವುದು. ತಪಾಸಣೆಯ ಸಾಹೇಬರು ಬಾಗಿಲಲ್ಲಿ ಕಂಡರೆ ಸಾಕು, ನಡೆಯುತ್ತಿದ್ದ ಪಾಠವನ್ನು ಅಲ್ಲೇ ಬಿಟ್ಟು ನೀರು ಕಾಯಿಸಲು ಶುರು. ಒಮ್ಮೆ ಆ ಪಾಠ ನಿಜವಾಗಿಯೇ ಬಂದಾಗ ಮುಂದಿನ ಸಾಲಿನ ಹುಡುಗಿ, "ಮಿಸ್, ಇವತ್ತು ಯಾರು ಬರ್ತಾರೆ?" ಅಂದಳು. ಆ ಪಾಠಕ್ಕೆ ಸಾಹೇಬರ ವರದಿಯಲ್ಲಿ ನನಗೆ ಸಿಕ್ಕ ಮಾತು 'ಉತ್ತಮ'. ಉತ್ತಮ ಅಂದರೆ ನಾನೇನು ಮಾಡಬೇಕು ಸ್ವಾಮಿ, ಇನ್ನೊಂದು ಸಲ ನೀರು ಕಾಯಿಸಬೇಕೇ?

ನನ್ನನ್ನು ಬದಲಿಸಿದ್ದು ಪಕ್ಕದ ಕೋಣೆಯ ಗಣಿತದ ಮೇಷ್ಟ್ರು. ಒಂದು ದಿನ ನನ್ನ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಗಂಟೆ ಹೊಡೆಯುವವರೆಗೂ ಕೂತರು. ಆಮೇಲೆ ವರಾಂಡದಲ್ಲಿ, "ಪ್ರಶ್ನೆ ಕೇಳ್ತೀರ ಮೇಡಂ, ಉತ್ತರಾನೂ ನೀವೇ ಹೇಳ್ಬಿಡ್ತೀರ. ಕೇಳಿದ್ಮೇಲೆ ಸ್ವಲ್ಪ ಸುಮ್ನಿದ್ದು ನೋಡಿ" ಎಂದರು. ಅಷ್ಟೇ. ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಯಜಮಾನರ ಮುಂದೆ ಕೂಗಾಡಿದೆ: "ನಾನು ಹಾಗೆ ಮಾಡ್ತೀನಾ? ಇಲ್ಲ ತಾನೆ? ಇಲ್ಲ." ಅವರು ಬಾಯಿ ತೆರೆಯುವಷ್ಟರಲ್ಲಿ ನನ್ನ ಉತ್ತರ ಮುಗಿದಿತ್ತು. ತೆರೆದ ಬಾಯಲ್ಲಿ ನಕ್ಕುಬಿಟ್ಟರು. ಎಷ್ಟು ವರ್ಷದಿಂದ ಕಾಯುತ್ತಿದ್ದರೋ ಪಾಪ.

ಮುಂದಿನ ವಾರ ಮೇಷ್ಟ್ರು ಮತ್ತೆ ಬಂದು ಅದೇ ಬೆಂಚಿನಲ್ಲಿ ಕೂತರು. ನಾನು ಪ್ರಶ್ನೆ ಕೇಳಿ ಸುಮ್ಮನಿದ್ದೆ. ಕೊನೆಯ ಸಾಲಿನಿಂದ ಒಂದು ಕೈ ಮೇಲೆದ್ದಿತು.

ಈಗ ನಮ್ಮ ಹೊಸ ಇತಿಹಾಸ ಶಿಕ್ಷಕಿಯ ವಿಷಯ. ಸಾಹೇಬರು ಬಂದಾಗ ಅವರು ಅವತ್ತಿನ ಪಾಠವನ್ನೇ ಮಾಡುತ್ತಿದ್ದರು. ಮಕ್ಕಳು ಪಾಠದ ಮೇಲೇ ಜಗಳಕ್ಕೆ ಬಿದ್ದಿದ್ದರು. ತಪಾಸಣಾಧಿಕಾರಿ ಸರ್, ನೀವು ಬಾಗಿಲಲ್ಲೇ ನಿಂತು 'ತರಗತಿಯ ಮೇಲೆ ಹಿಡಿತವಿಲ್ಲ' ಎಂದು ಹೊರಟಿರಿ. ಆ ಒಂದು ಮಾತಿನ ಮೇಲೆ ಬರುವ ತಿಂಗಳು ಅವರ ಕೆಲಸ ಹೋಗಲಿದೆ. ಗದ್ದಲ ಯಾತಕ್ಕೆ ಎಂದು ಕೇಳಿದಿರಾ? ತಪ್ಪು ಎಲ್ಲಿದೆ ಎಂದು ತೋರಿಸಿದಿರಾ? ತಿದ್ದಿಕೊಳ್ಳಲು ಒಂದು ವಾರ ಕೊಟ್ಟಿರಾ?

ನಮಗೆ ಹೊಗಳಿಕೆ ಬೇಡ, ಕರುಣೆಯೂ ಬೇಡ. ತಪ್ಪನ್ನು ಮುಖಕ್ಕೇ ಹೇಳಿ. ಹೇಳಿದ ಮೇಲೆ ಮತ್ತೆ ಬನ್ನಿ.

ಸಹನೆಯಿಂದ ಕೇಳಿದ ನಿಮಗೆಲ್ಲ, ನಡುವೆ ಮೈಕ್ ಕಸಿಯದ ಅಧ್ಯಕ್ಷರಿಗೂ ನಾನು ಋಣಿ. ಮುಂದಿನ ಸಭೆ ಈ ಹಾಲ್‌ನಲ್ಲಲ್ಲ, ಆ ಇತಿಹಾಸ ಶಿಕ್ಷಕಿಯ ಏಳನೆಯ ತರಗತಿಯಲ್ಲಿ. ಹಿಂದಿನ ಬೆಂಚಿನಲ್ಲಿ ಮೇಷ್ಟ್ರು, ನಾನು ಇರುತ್ತೇವೆ. ನಡುವೆ ನಿಮಗೆ ಜಾಗ ಬಿಟ್ಟಿರುತ್ತೇವೆ, ಸರ್. "ನೀರು ಮಾತ್ರ ಕಾಯಿಸ್ಬೇಡ ಕಣಮ್ಮ" ಎಂದು ಆಕೆಗೆ ಹೇಳಿದ್ದೇನೆ. ನಮಸ್ಕಾರ. ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ.